ಎರಡು ಪುಟದ ಚರಿತ್ರೆ

ಎಲ್ಲಕ್ಕೂ ಕಾರಣ ಒಂದು ಸೀನು. ಬೆಳಗ್ಗೆ ಒಂಬತ್ತಕ್ಕೆ ಮೆಡಿಕಲ್ ಕಾಲೇಜಿನ ಪ್ರಿನ್ಸಿಪಾಲರು ಎಲ್ಲರನ್ನೂ ತಮ್ಮ ಕೋಣೆಗೆ ಕರೆಸಿದ್ದರು. ಸಂಜೆ ನಾಲ್ಕಕ್ಕೆ ಮಂತ್ರಿಗಳು ಬಂದು ಕಾಲೇಜನ್ನು ವಿಶ್ವವಿದ್ಯಾಲಯವೆಂದು ಘೋಷಿಸುವವರಿದ್ದರು. ಸಭೆಯಲ್ಲಿ ಕಾಲೇಜಿನ ಚರಿತ್ರೆ ಬರೆದು ಓದುವವರು ಯಾರು ಎಂದು ಪ್ರಿನ್ಸಿಪಾಲರು ಕೇಳಿದ್ದೇ ತಡ, ವಿಭಾಗಗಳ ಮುಖ್ಯಸ್ಥರೆಲ್ಲ ನೆಲದ ಹಾಸುಗಲ್ಲು ಎಣಿಸತೊಡಗಿದರು. ಆ ಮೌನದಲ್ಲಿ ಹಿಂದಿನ ಸಾಲಿನಿಂದ ಸೀನು ಸಿಡಿಯಿತು.

"ಸರಿ, ನೀವೇ ಬರೀರಿ. ಎರಡು ಪುಟ ಸಾಕು," ಎಂದರು ಪ್ರಿನ್ಸಿಪಾಲರು.

ಸೀನಿದವರು ಲೈಬ್ರರಿಯನ್. ಮೂವತ್ತನಾಲ್ಕು ವರ್ಷ ಹಳೆ ಪುಸ್ತಕಗಳ ನಡುವೆ ಕಳೆದ ಅವರನ್ನು ಇಡೀ ಕಾಲೇಜು ಧೂಳಪ್ಪ ಎಂದೇ ಕರೆಯುತ್ತಿತ್ತು. ಅರವತ್ತು ತುಂಬಿದ್ದ ಅವರಿಗೆ ಅಂದೇ ನೌಕರಿಯ ಕೊನೆಯ ದಿನ. ಐದಕ್ಕೆ ಬೀಗದ ಕೈ ಒಪ್ಪಿಸಿ ಮನೆಗೆ ಹೋಗುವುದು, ಮರುದಿನ ಯಾರು ಎಬ್ಬಿಸಿದರೂ ಏಳದಿರುವುದು. ಇಷ್ಟೇ ಅವರ ಆಸೆ.

ಹಳೆಯ ರಿಜಿಸ್ಟರುಗಳನ್ನು ತಿರುವಿ, ಹನ್ನೊಂದಕ್ಕೆಲ್ಲ ಎರಡು ಪುಟ ಮುಗಿಸಿದರು. ಆಗ ಶುರುವಾಯಿತು ಕಾಟ.

ಮೊದಲು ಬಂದವರು ಅಂಗರಚನಾ ವಿಭಾಗದ ಮೇಡಂ. ಮೊದಲ ವಿದ್ಯಾರ್ಥಿಗಿಂತ ಮೊದಲು ಬಂದದ್ದು ಮೊದಲ ಹೆಣ, ಆದ್ದರಿಂದ ಚರಿತ್ರೆ ತಮ್ಮ ವಿಭಾಗದಿಂದಲೇ ಶುರುವಾಗಬೇಕು ಎಂದು ಪಟ್ಟು ಹಿಡಿದರು. ಅವರ ಹಿಂದೆಯೇ ಶಸ್ತ್ರಚಿಕಿತ್ಸೆಯ ಡಾಕ್ಟರು ಬಂದು, ಕಾಲೇಜಿಗೆ ಹೆಸರು ಬಂದದ್ದೇ ತಮ್ಮ ವಿಭಾಗದ ಮೊದಲ ಆಪರೇಷನ್ನಿನಿಂದ ಎಂದರು.

"ರೋಗಿ ಬದುಕಿದನಾ ಸಾರ್?" ಎಂದು ಧೂಳಪ್ಪನವರು ಕೇಳಿದರು.

"ಅದೆಲ್ಲ ಚರಿತ್ರೆಗೆ ಯಾಕ್ರೀ?"

ಔಷಧಶಾಸ್ತ್ರದವರು ಕೆಂಪು ಪೆನ್ನು ಜೊತೆಗೇ ತಂದಿದ್ದರು. ಮೊದಲ ಆರು ವರ್ಷ ಎಲ್ಲ ಕಾಯಿಲೆಗೂ ಒಂದೇ ಬಾಟಲಿಯ ಕೆಂಪು ಔಷಧ ಕೊಡುತ್ತಿದ್ದರೆಂಬ ಸಾಲನ್ನು ಹೊಡೆದುಹಾಕಿದರು. ಪೆನ್ನು ಕೈಯಿಂದ ಕೈಗೆ ಹೋಯಿತು. ಕಾಲೇಜು ಹುಟ್ಟಿದ್ದು ಕುದುರೆ ಲಾಯದಲ್ಲಿ ಎಂದಿದ್ದುದನ್ನು ಸ್ವತಃ ಪ್ರಿನ್ಸಿಪಾಲರೇ ಬಂದು 'ಗಾಳಿ ಬೆಳಕಿನ ವಿಶಾಲ ಕಟ್ಟಡದಲ್ಲಿ' ಎಂದು ತಿದ್ದಿದರು. ಮೂರು ಗಂಟೆಯ ಹೊತ್ತಿಗೆ ಎರಡು ಪುಟಗಳು ಅಪಘಾತದ ವಾರ್ಡಿಗೆ ಬಂದ ರೋಗಿಯಂತೆ ಮೈಯೆಲ್ಲ ಕೆಂಪಾಗಿ ಮಲಗಿದ್ದವು. ಉಳಿದದ್ದು ಕಾಲೇಜು ಸ್ಥಾಪನೆಯಾಯಿತು ಎಂಬ ಒಂದು ವಾಕ್ಯ, ಆಮೇಲೆ ವಂದನೆಗಳು.

ಇಷ್ಟು ಓದಲು ಮೈಕು ಯಾಕೆ ಎಂದು ಧೂಳಪ್ಪನವರು ಗೊಣಗಿದರು. ಶಸ್ತ್ರಚಿಕಿತ್ಸೆಯ ಡಾಕ್ಟರು ಅವರ ಹೆಗಲ ಮೇಲೆ ಕೈಯಿಟ್ಟು, "ಹೋಗೋ ದಿನವಾದ್ರೂ ಹೇಳಿದ ಮಾತು ಕೇಳ್ರೀ," ಎಂದರು.

ಹೋಗೋ ದಿನ. ಧೂಳಪ್ಪನವರ ತಲೆಯಲ್ಲಿ ದೀಪ ಹೊತ್ತಿತು. ಐದರ ಮೇಲೆ ತನ್ನನ್ನು ಯಾರು ಏನು ಮಾಡಿಯಾರು? ಪುಟಗಳನ್ನು ಮೇಜಿನ ಮೇಲೆಯೇ ಬಿಟ್ಟು ಬರಿಗೈಯಲ್ಲಿ ವೇದಿಕೆ ಹತ್ತಿದರು.

ಲಾಯದಿಂದಲೇ ಶುರುಮಾಡಿದರು. ಮೊದಲ ಮೇಷ್ಟ್ರು ಕುದುರೆ ಡಾಕ್ಟರು. ಔಷಧವನ್ನೂ ಕುದುರೆಯ ಅಳತೆಯಲ್ಲೇ ಕೊಡುತ್ತಿದ್ದುದರಿಂದ, ಬದುಕಿಕೊಂಡವರು ಭಯಕ್ಕೆ ಮತ್ತೆಂದೂ ಕಾಯಿಲೆ ಬೀಳುತ್ತಿರಲಿಲ್ಲ. ಮೊದಲ ಹೆಣ ಬಂದ ದಿನ ಹನ್ನೊಂದು ವಿದ್ಯಾರ್ಥಿಗಳಲ್ಲಿ ಹತ್ತು ಜನ ಓಟ ಕಿತ್ತರು, ಉಳಿದ ಒಬ್ಬ ನಿದ್ದೆ ಹೋಗಿದ್ದ. ಮೊದಲ ಆಪರೇಷನ್ ಬಹಳ ಚೆನ್ನಾಗಿ ನಡೆಯಿತು, ಆದರೆ ನೋವಿದ್ದದ್ದು ಇನ್ನೊಂದು ಕಾಲಿನಲ್ಲಿ. ಕೊನೆಗೆ, ಈಗಿನ ಪ್ರಿನ್ಸಿಪಾಲರು ಐದು ವರ್ಷದ ಓದನ್ನು ಒಂಬತ್ತು ವರ್ಷ ಆಳವಾಗಿ ಮಾಡಿದರೆಂದೂ, ಆಗ ಲೈಬ್ರರಿಯಿಂದ ಒಯ್ದ ಪುಸ್ತಕವನ್ನು ಈಗಲೂ ಓದುತ್ತಿರಬೇಕೆಂದೂ ಹೇಳಿ ಕೈಮುಗಿದರು.

ವಿದ್ಯಾರ್ಥಿಗಳು ಬೆಂಚು ಮುರಿಯುವಂತೆ ಬಡಿದರು. ಮಂತ್ರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿ ಮುಖ್ಯಸ್ಥರು ಮಾತ್ರ ತಮ್ಮ ಮ್ಯೂಸಿಯಮ್ಮಿನ ಅಸ್ಥಿಪಂಜರಗಳಂತೆ ಹಲ್ಲು ಕಚ್ಚಿ ಕೂತಿದ್ದರು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಧೂಳಪ್ಪನವರ ಮೂಗು ಸಲೀಸಾಗಿ ಉಸಿರಾಡಿತು.

ಆಮೇಲೆ ಮಂತ್ರಿಗಳು ಎದ್ದು ನಿಂತು ಘೋಷಣೆಯ ಹಾಳೆ ಬಿಡಿಸಿದರು. ಕಾಲೇಜು ಈ ಕ್ಷಣದಿಂದ ವಿಶ್ವವಿದ್ಯಾಲಯ. ಪ್ರಿನ್ಸಿಪಾಲರು ಕುಲಪತಿಗಳು.

"ಇನ್ನೊಂದು ಸಂತೋಷದ ವಿಷಯ," ಎಂದು ಹಾಳೆ ತಿರುವಿದರು ಮಂತ್ರಿಗಳು. "ವಿಶ್ವವಿದ್ಯಾಲಯದ ನಿಯಮದಂತೆ ಇನ್ನು ಇಲ್ಲಿ ನಿವೃತ್ತಿ ಅರವತ್ತಕ್ಕಲ್ಲ, ಅರವತ್ತೈದಕ್ಕೆ. ಇವತ್ತು ನಿವೃತ್ತರಾಗಬೇಕಿದ್ದವರಿಗೂ ಇದು ಅನ್ವಯಿಸುತ್ತೆ."

ಚಪ್ಪಾಳೆ ಬಿತ್ತು. ಧೂಳಪ್ಪನವರು ಕುರ್ಚಿಯ ಕೈ ಹಿಡಿದುಕೊಂಡರು. ಹೊಸ ಕುಲಪತಿಗಳು ಅಂದು ಮೊದಲ ಬಾರಿಗೆ ನಗುತ್ತ ಅವರ ಬಳಿ ಬಂದರು. ಬೆನ್ನಿಗೆ ಮೂವರು ಮುಖ್ಯಸ್ಥರಿದ್ದರು.

"ನಾಳೆ ಬೆಳಗ್ಗೆ ಎಂಟಕ್ಕೇ ಬಂದುಬಿಡಿ," ಎಂದರು ಕುಲಪತಿಗಳು ಮೆಲ್ಲಗೆ. "ಐದು ವರ್ಷ ಇದೆ, ನಿಧಾನವಾಗಿ ಮಾತಾಡೋಣ."