ಹಡಗಿನ ಕಾನೂನು ಓದಿದ ಇಂಡಿ ವಕೀಲ

ಇಂಡಿ ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷ ವಕೀಲಿ ಮಾಡಿದ ನನಗೆ ಗೊತ್ತಿಲ್ಲದ ಕಾನೂನು ಇಲ್ಲವೆಂದೇ ನಾನು ನಂಬಿದ್ದೆ. ಹೀಗಿರುವಾಗ ಹಲಸಂಗಿಯ ಖಾದರಸಾಬರು ಹಡಗಿನ ಕೇಸು ತಂದರು. ನಾನು ಸಮುದ್ರ ನೋಡಿದ್ದು ಒಂದೇ ಸಲ, ಮದುವೆಯಾದ ಹೊಸತರಲ್ಲಿ. ಅದೂ ಮೊಣಕಾಲಿನ ತನಕ!

ಖಾದರಸಾಬರು ನಿಂಬೆಹಣ್ಣಿನ ವ್ಯಾಪಾರಿ. ಮೊದಲ ಸಲ ದುಬೈಗೆ ಒಂದು ಕಂಟೇನರ್ ಕಳಿಸಿದ್ದರು. ದಾರಿಯಲ್ಲಿ ಹಡಗಿನವರು ಅದರ ತಂಪು ಯಂತ್ರ ನೋಡಿಕೊಳ್ಳಲಿಲ್ಲ. ಅಲ್ಲಿ ಬಾಗಿಲು ತೆರೆದರೆ ಬೂಷ್ಟು ಹಿಡಿದ ರಾಡಿ.

"ಮುಂಬೈಯಾಗ ಇಂಥಾ ಕೇಸ ನಡಸೋ ವಕೀಲ್ರು ಅದಾರಂತ್ರಿ," ಎಂದರು ಅವರು.

"ಯಾಕ್ರಿ? ಅವರು ಓದಿದ್ದನ್ನ ನಾ ಓದಲಾರೆನೇನು?" ಎಂದೆ.

ಅವರು ನಂಬಿದರು. ಅದು ಅವರು ಮಾಡಿದ ಒಂದೇ ತಪ್ಪು. ಉಳಿದವೆಲ್ಲ ನನ್ನವು.

ವಿಜಯಪುರದ ಹಿರಿಯ ವಕೀಲರೊಬ್ಬರು ವೃತ್ತಿ ಬಿಟ್ಟು ಪುಸ್ತಕ ಮಾರುತ್ತಿದ್ದರು. ಹಡಗಿನ ಕಾನೂನಿನ ನಾಲ್ಕು ಸಂಪುಟ ಸಿಕ್ಕವು. ಒಂದೊಂದು ರುಬ್ಬುವ ಕಲ್ಲಿನಷ್ಟು ಭಾರ. ಬಸ್ಸಿನಲ್ಲಿ ತರುವಾಗ ಕಂಡಕ್ಟರ್ ಅವಕ್ಕೂ ಟಿಕೆಟ್ ಹರಿದ!

ಒಂದನೆಯ ಸಂಪುಟದ ಒಂದನೆಯ ಪುಟದಿಂದ ಶಾಸ್ತ್ರೋಕ್ತವಾಗಿ ಶುರು ಮಾಡಿದೆ. ಹೆಂಡತಿ ಶಾರದಾ ಜೋಳ ಹಸನು ಮಾಡುತ್ತ ಕೇಳಿದಳು:

"ನಿಂಬಿಹಣ್ಣಿನ ವಿಷಯ ಯಾವುದರಾಗ ಐತ್ರಿ?"

"ನಾಲ್ಕನೇದರಾಗ. ಸರಕು ಸಾಗಣೆ ಅಂತ."

"ಮತ್ತ ಒಂದನೇದು ಯಾಕ ಓದಾಕತ್ತೀರಿ?"

"ಅಡಿಪಾಯ! ನಿನಗ ತಿಳಿಯೂದಿಲ್ಲ."

ದಾವೆ ಹೂಡಲು ಮೂರು ವರ್ಷ ಇರುತ್ತದೆ, ಅವಸರವೇನು ಎಂಬುದು ನನ್ನ ಲೆಕ್ಕ. ಎರಡನೆಯ ಸಂಪುಟ ಹಡಗುಗಳ ಡಿಕ್ಕಿಯದು. ಎಂಥ ರುಚಿ! ಬಸವನ ಬಾಗೇವಾಡಿ ಕೋರ್ಟಿನ ಒಂದು ಟ್ರ್ಯಾಕ್ಟರ್ ಡಿಕ್ಕಿಯ ಕೇಸಿನಲ್ಲಿ ಅದನ್ನೇ ಬಳಸಿದೆ. ಹಿಂದಿನಿಂದ ಬರುವ ನೌಕೆ ಮುಂದಿನ ನೌಕೆಗೆ ದಾರಿ ಬಿಡಬೇಕೆಂದು ಗಂಭೀರವಾಗಿ ವಾದಿಸಿದೆ. ನ್ಯಾಯಾಧೀಶರು ಕನ್ನಡಕ ತೆಗೆದು ನೋಡಿದರು.

"ವಕೀಲರೇ, ಇದು ನಡೆದದ್ದು ದೇವರ ಹಿಪ್ಪರಗಿ ರಸ್ತೆಯಲ್ಲಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗಲೇ ಎಚ್ಚರವಾಗಬೇಕಿತ್ತು.

ಖಾದರಸಾಬರು ಮೇಲಿಂದ ಮೇಲೆ ಬರುತ್ತಿದ್ದರು. "ಶೆಡ್ಡಿನಾಗ ಹಣ್ಣ ಆರಿಸೋ ಹೆಣ್ಣಮಕ್ಕಳು ದಿನಾ ಕೇಳ್ತಾರ್ರಿ, ಕೆಲಸ ಯಾವಾಗ ಅಂತ," ಎನ್ನುತ್ತಿದ್ದರು. "ಮೂರನೇ ಸಂಪುಟಕ್ಕ ಬಂದೇನಿ," ಎನ್ನುತ್ತಿದ್ದೆ ನಾನು. ಮೂರನೆಯದರಲ್ಲಿ ಮುಳುಗಿದ ಹಡಗುಗಳ ವಿಷಯವಿತ್ತು.

ಕೊನೆಗೊಂದು ಮಧ್ಯಾಹ್ನ ನಾಲ್ಕನೆಯದನ್ನು ತೆರೆದೆ. ಐದನೆಯ ಪುಟದಲ್ಲೇ ಇತ್ತು: ಸರಕು ಒಪ್ಪಿಸಿದ ದಿನದಿಂದ ಒಂದು ವರ್ಷದೊಳಗೆ ದಾವೆ ಹೂಡದಿದ್ದರೆ ಹಡಗಿನವರ ಹೊಣೆ ಮುಗಿಯಿತು. ಖಾದರಸಾಬರ ಕಾಗದ ತೆಗೆದು ತಾರೀಖು ನೋಡಿದೆ. ಬೆರಳು ಮಡಚಿ ಎಣಿಸಿದೆ. ವರ್ಷ ಕಳೆದು ಹದಿನೆಂಟು ದಿನವಾಗಿತ್ತು.

ಶಾರದಾ ಊಟದ ತಾಟು ತಂದಿಟ್ಟಳು. ನನ್ನ ಮುಖ ನೋಡಿ ಪಕ್ಕದಲ್ಲಿ ಕೂತಳು.

ಆದರೂ ಮುಂಬೈಯ ಹಡಗು ಕಂಪನಿಗೆ ನೋಟಿಸು ಕಳಿಸಿದೆ. ನನ್ನದು ಹದಿನಾಲ್ಕು ಪುಟ. ಬಂದ ಉತ್ತರ ಎರಡು ಸಾಲು: ವರ್ಷ ಮೀರಿದೆ, ನಮ್ಮ ಹೊಣೆ ಮುಗಿದಿದೆ!

ಅದನ್ನು ಹಿಡಿದು ಹಲಸಂಗಿಗೆ ಹೋದೆ. ಶೆಡ್ಡಿನಲ್ಲಿ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಜೋಡಿಸಿಟ್ಟಿದ್ದರು. ನಿಂತೇ ಎಲ್ಲವನ್ನೂ ಹೇಳಿದೆ. ಖಾದರಸಾಬರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

"ಅದು ಆ ಪುಸ್ತಕದಾಗ ಇತ್ತೇನ್ರಿ?"

"ಇತ್ರಿ."

"ಪುಸ್ತಕ ನಿಮ್ಮ ಮನ್ಯಾಗನ ಇತ್ತಲ್ರಿ?"

"ಹೌದ್ರಿ," ಎಂದೆ.

ಆ ತಿಂಗಳಲ್ಲೇ ಸಾಲಕ್ಕೆ ಶೆಡ್ಡು ಬೇರೆಯವರ ಕೈಗೆ ಹೋಯಿತು. ಈಗ ಅದೇ ಶೆಡ್ಡಿನಲ್ಲಿ ಖಾದರಸಾಬರು ಪಗಾರಕ್ಕೆ ದುಡಿಯುತ್ತಿದ್ದಾರೆ.

ಮೊನ್ನೆ ಅವರು ಕೋರ್ಟಿಗೆ ಬಂದರು. ಎಂದಿನಂತೆ ಮೊದಲು ಸಲಾಮು ಹೇಳಿದರು.

"ವಕೀಲ್ರ, ತಪ್ಪು ತಿಳಕೋಬ್ಯಾಡ್ರಿ. ನಿಮ್ಮ ಮ್ಯಾಲ ವಕೀಲ್ರ ಪರಿಷತ್ತಿಗೆ ದೂರು ಕೊಡಬೇಕಂತ ಮಾಡೇನಿ. ಯಾರ ಕಡಿ ಹೋಗ್ಲಿ? ನನಗ ನಿಮ್ಮ ಬಿಟ್ರ ಬ್ಯಾರೆ ವಕೀಲ್ರು ಗೊತ್ತಿಲ್ಲ."

ಇಷ್ಟು ವರ್ಷದ ವಕೀಲಿಯಲ್ಲಿ ಮೊದಲ ಬಾರಿಗೆ ಸರಿಯಾದ ಸಲಹೆ ಕೊಟ್ಟೆ. "ಸಿಂದಗಿಯಾಗ ಒಬ್ಬ ಹೆಣ್ಣಮಗಳು ಅದಾಳ್ರಿ. ಭಾಳ ಹುಷಾರು. ಕಾಗದ ಕೈಗೆ ಬಂದ ಕೂಡ್ಲೆ ತಾರೀಖು ನೋಡ್ತಾಳ. ತನಗ ತಿಳೀದಿದ್ರ ತಿಳೀದು ಅಂತಾಳ."

ಖಾದರಸಾಬರು ಹೆಸರು ಬರೆದುಕೊಂಡು ಚೀಟಿ ಮಡಚಿದರು. ನನ್ನನ್ನೇ ನೋಡಿದರು.

"ಇಂಥಾಕಿ ಅದಾಳಂತ ಅವತ್ತ ಯಾಕ ಹೇಳಲಿಲ್ರಿ?"

ವಾದ ಮಾಡಿ ಹೊಟ್ಟೆ ಹೊರೆಯುವ ಮನುಷ್ಯ ನಾನು. ಆದರೂ ಅವರ ಕೈಯಿಂದ ಚೀಟಿ ಇಸಿದುಕೊಂಡೆ. ಹಿಂಭಾಗದಲ್ಲಿ ಆಕೆಯ ಫೋನ್ ನಂಬರನ್ನೂ ಬರೆದುಕೊಟ್ಟೆ!