ಡಾಕ್ಟರರ ಆಯೇರಿ

ಅಳೆಯುವುದೆಂದರೆ ನನಗೆ ಮೊದಲಿನಿಂದಲೂ ಹುಚ್ಚು ಕುತೂಹಲ. ತೊಗರಿಯನ್ನು ಚೀಲದಲ್ಲಿ ಅಳೆಯುತ್ತಾರೆ, ಶಹಾಬಾದಿನ ಕಲ್ಲನ್ನು ಫೂಟಿನಲ್ಲಿ ಅಳೆಯುತ್ತಾರೆ. ವಾಡಿ ಸ್ಟೇಷನ್ನಿನಲ್ಲಿ ಗಾಡಿ ಎಷ್ಟು ಲೇಟೆಂಬುದನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅದನ್ನೂ ಅಳೆದುಬಿಡುತ್ತಾರೆ. ಆದರೆ ಒಬ್ಬ ಡಾಕ್ಟರು ಎಷ್ಟು ದೊಡ್ಡವನೆಂದು ಯಾವುದರಿಂದ ಅಳೆಯಬೇಕು? ನಮ್ಮ ಕಡೆ ಇದಕ್ಕೆ ಉತ್ತರ ಸಿದ್ಧವಾಗಿತ್ತು: ಸೂಜಿ. ಸೂಜಿ ಮಾಡಿದವನು ಡಾಕ್ಟರು, ಬರೀ ಗುಳಿಗೆ ಕೊಟ್ಟು ಕಳಿಸುವವನು ಇನ್ನೂ ಕಲಿಯುತ್ತಿರುವವನು. ನಾನು ಗುಳಿಗೆಯ ಪೈಕಿ. ಅದರ ಮೇಲೆ ರೋಗಿಗೆ ಅವನ ರೋಗದ ಬಗ್ಗೆ ಪಾಠ ಬೇರೆ ಹೇಳುತ್ತಿದ್ದೆ. ಚರ್ಮಕ್ಕೆ ಎಷ್ಟು ಪದರ, ತುರಿಕೆ ಯಾವ ಪದರದಲ್ಲಿ ಹುಟ್ಟುತ್ತದೆ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸುವಷ್ಟರಲ್ಲಿ ಪಾಪ, ಅವನ ಊರಿನ ಗಾಡಿ ಬಂದು ಹೋಗಿರುತ್ತಿತ್ತು. ನಾಲವಾರದಿಂದ ಬಂದ ಒಬ್ಬ ಅಜ್ಜ ನನ್ನ ಪಾಠವನ್ನೆಲ್ಲ ಕೈಕಟ್ಟಿಕೊಂಡು ಕೇಳಿ, ಕೊನೆಗೆ, "ಎಲ್ಲಾ ಖರೇ ಅದರಿ ಸಾಹೇಬ್ರ, ಸೂಜಿ ಯಾವಾಗ ಮಾಡ್ತೀರಿ?" ಎಂದು ಕೇಳಿದ್ದ.

ಆ ಅಜ್ಜನ ಮೇಲೆ ನನಗೆ ಸಿಟ್ಟಿಲ್ಲ. ಪಾಠ ಕೇಳುವವರು ಬೇರೆ, ನೋವಿದ್ದವರು ಬೇರೆ. ನನಗೆ ಬೇಕಾಗಿದ್ದವರು ಮೊದಲಿನವರು. ಮೆಡಿಕಲ್ ಕಾಲೇಜಿನಲ್ಲಿ ಓದುವಾಗಿನಿಂದ ನನಗಿದ್ದದ್ದು ಅದೊಂದೇ ಆಸೆ: ಬೋರ್ಡಿನ ಮುಂದೆ ನಿಂತು ಹುಡುಗರಿಗೆ ಪಾಠ ಹೇಳಬೇಕು. ಮನೆಯ ಜವಾಬ್ದಾರಿ ಮೈಮೇಲೆ ಬಿದ್ದದ್ದರಿಂದ ವಾಡಿಯ ಸ್ಟೇಷನ್ನಿನ ಹತ್ತಿರ ಒಂದು ದವಾಖಾನೆ ಹಾಕಿ ಕೂತೆ. ಕೂತವನಿಗೆ ಕೂದಲು ಬೆಳ್ಳಗಾಗತೊಡಗಿದವು. ಅದು ವಯಸ್ಸಿನಿಂದಲೋ ಊರ ಕಾರ್ಖಾನೆಯ ಸಿಮೆಂಟಿನ ಧೂಳಿನಿಂದಲೋ ಹೇಳುವುದು ಕಷ್ಟ. ನನ್ನ ಹೆಂಡತಿ ಗಿರಿಜಾಳಿಗಂತೂ ವಾಡಿ ಬಿಟ್ಟರೆ ಸಾಕಾಗಿತ್ತು. ಮಾಳಿಗೆಯ ಮೇಲೆ ಅವಳು ಹಪ್ಪಳ ಒಣಹಾಕಿದರೆ ಸಂಜೆಯ ಹೊತ್ತಿಗೆ ಅವಕ್ಕೆ ಗೋಡೆಯಂತೆ ಸಿಮೆಂಟಿನ ಗಿಲಾವು ಆಗಿರುತ್ತಿತ್ತು.

ರಾಜ್ಯಕ್ಕೆ ಮೈಸೂರು ಹೋಗಿ ಕರ್ನಾಟಕ ಎಂಬ ಹೆಸರು ಬಂದ ಹೊಸತರಲ್ಲಿ, ಒಂದು ಮೆಡಿಕಲ್ ಕಾಲೇಜಿನಲ್ಲಿ ಚರ್ಮರೋಗ ವಿಭಾಗಕ್ಕೆ ಮೇಷ್ಟ್ರು ಬೇಕೆಂದು ಪತ್ರಿಕೆಯಲ್ಲಿ ಬಂತು. ಕಾಲೇಜಿನ ಹೆಸರು ಬೇಡ, ಯಾಕೆಂಬುದು ಮುಂದೆ ನಿಮಗೇ ತಿಳಿಯುತ್ತದೆ. ಇನ್ನೈದು ವರ್ಷ ತಡವಾದರೆ ನನ್ನ ವಯಸ್ಸು ಮೀರುತ್ತಿತ್ತು. ಕುಣಿಯುತ್ತ ಅರ್ಜಿ ತರಿಸಿದೆ. ಅದರಲ್ಲೊಂದು ಪ್ರಶ್ನೆ: ನೀವು ಪ್ರಕಟಿಸಿದ ಲೇಖನಗಳು ಯಾವುವು, ಅವುಗಳನ್ನು ಬೇರೆ ಯಾರು ಯಾರು ಉಲ್ಲೇಖಿಸಿದ್ದಾರೆ? ನನ್ನದೊಂದು ಲೇಖನವಿತ್ತು. ಸಿಮೆಂಟು ಹೊರುವವರ ಕೈ ಬಿರಿದು ತುರಿಸುವುದರ ಬಗ್ಗೆ, ಕೈಯನ್ನು ಆಗಿಂದಾಗ ಚೆನ್ನಾಗಿ ತೊಳೆದು ಕುಸುಬಿ ಎಣ್ಣೆ ಹಚ್ಚಿದರೆ ಬಿರಿತ ಕಡಿಮೆಯಾಗುತ್ತದೆಂದು ಬರೆದಿದ್ದೆ. ಅದನ್ನು ಓದಿದವರು ನನಗೆ ಗೊತ್ತಿದ್ದ ಮಟ್ಟಿಗೆ ಇಬ್ಬರು. ಒಬ್ಬ ನಾನು, ಇನ್ನೊಬ್ಬ ಅಚ್ಚಿನ ಮೊಳೆ ಜೋಡಿಸಿದವನು.

ಹೈದರಾಬಾದಿನಲ್ಲಿದ್ದ ನನ್ನ ಹಳೆಯ ಸಹಪಾಠಿಯೊಬ್ಬನಿಗೆ ಈ ಪ್ರಶ್ನೆಯ ಗುಟ್ಟೇನೆಂದು ಕೇಳಿದಾಗ ಅವನೊಂದು ವಿಚಿತ್ರ ಹೇಳಿದ. ಅಮೆರಿಕದಲ್ಲಿ ಇದಕ್ಕೆಂದೇ ದಪ್ಪ ದಪ್ಪ ಪುಸ್ತಕ ಮಾಡುತ್ತಾರಂತೆ. ಯಾವ ಲೇಖನದ ಹೆಸರನ್ನು ಯಾರು ತಮ್ಮ ಲೇಖನದಲ್ಲಿ ತೆಗೆದುಕೊಂಡರೆಂದು ಕೂತು ಎಣಿಸುತ್ತಾರಂತೆ. ಹೆಚ್ಚು ಜನ ಯಾರ ಹೆಸರು ತೆಗೆದರೋ ಅವನ ಮಾತು ಹೆಚ್ಚು ನಡೆಯುತ್ತದೆಂದು ಅರ್ಥವಂತೆ. ಕೇಳಿದ ಮೇಲೆ ನನಗೆ ನಿದ್ದೆ ಬರಬೇಕಲ್ಲ. ಮಾರನೆಯ ದಿನವೇ ದವಾಖಾನೆಗೆ ಬೀಗ ಹಾಕಿ ಹೈದರಾಬಾದಿನ ಗಾಡಿ ಹತ್ತಿದೆ. ಅಲ್ಲಿಯ ಲೈಬ್ರರಿಯಲ್ಲಿ ಪುಸ್ತಕ ಸಿಕ್ಕಿತು. ಸಾಸಿವೆ ಕಾಳಿನಂಥ ಅಕ್ಷರ, ಪುಟದ ತುಂಬ ಹೆಸರು, ಹೆಸರಿನ ಕೆಳಗೆ ಹೆಸರು. ಒಬ್ಬೊಬ್ಬ ಪುಣ್ಯಾತ್ಮನ ಕೆಳಗೆ ಇಡೀ ಕಾಲಂ ಇಳಿದಿತ್ತು. ಯಾರಿವನು, ಏನು ಬರೆದ, ಇಷ್ಟೊಂದು ಜನ ಯಾಕೆ ಇವನ ಹೆಸರು ಹಿಡಿದರು ಎಂದು ನೋಡುತ್ತ ನಾನು ಊಟ ಮರೆತೆ. ನನ್ನ ಹೆಸರು ಬರಬೇಕಾದ ಕಡೆ ಮಾತ್ರ ಇಬ್ಬರು ಪರದೇಶದವರು ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ದರು. ಗಾಡಿಯಲ್ಲಿ ಸೀಟು ಹಿಡಿಯಲು ಟವೆಲ್ ಹಾಕುತ್ತೇವಲ್ಲ, ಅಷ್ಟು ಜಾಗವೂ ನಡುವೆ ಇರಲಿಲ್ಲ.

ಮೋರೆ ಸಣ್ಣದು ಮಾಡಿಕೊಂಡು ಮನೆಗೆ ಬಂದರೆ ಗಿರಿಜಾ ಟ್ರಂಕು ತೆಗೆದು ಆಯೇರಿಯ ಬಟ್ಟೆ ಹರವಿಕೊಂಡು ಕೂತಿದ್ದಳು. ನಮ್ಮ ಕಡೆ ಮದುವೆಗೆ ಹೋದವರು ರವಿಕೆಯ ಖಣವೋ ಪಂಚೆಯೋ ಆಯೇರಿ ಕೊಡಬೇಕು. ಕೊಟ್ಟವರ ಮನೆಯ ಮದುವೆಗೆ ತೆಗೆದುಕೊಂಡವರು ತಿರುಗಿ ಕೊಡಬೇಕು, ಸಾಧ್ಯವಾದರೆ ಒಂದು ತೂಕ ಹೆಚ್ಚಾಗಿ. ಅವಳು ಒಂದು ಹಸಿರು ಖಣವನ್ನು ಬೆಳಕಿಗೆ ಹಿಡಿದು ನಗುತ್ತಿದ್ದಳು. ಅದರ ಮೂಲೆಯಲ್ಲಿ ಅರಿಶಿಣದ ಕಲೆ. ಅದು ಅವಳೇ ಚಿತ್ತಾಪುರದ ಡಾಕ್ಟರರ ಮಗಳ ಮದುವೆಯಲ್ಲಿ ಕೊಟ್ಟದ್ದಂತೆ. ಅಲ್ಲಿಂದ ಸೇಡಂ ಕಂಡು, ಚಿಂಚೋಳಿ ಕಂಡು, ಶಹಾಬಾದಿನ ಡಾಕ್ಟರರ ಹೆಂಡತಿಯ ಕೈಯಿಂದ ಮಡಿಕೆ ಕೂಡ ಮುರಿಯದೆ ಮನೆಗೆ ಬಂದಿತ್ತು. ಕುಬಸ ಹೊಲಿಸಿದವರು ಯಾರೂ ಇಲ್ಲ, ಆದರೆ ಐದು ಮನೆಯ ಮರ್ಯಾದೆ ಉಳಿದಿತ್ತು. ನನ್ನ ಹೆಸರನ್ನು ಜಗತ್ತಿನಲ್ಲಿ ಯಾರೂ ತೆಗೆದುಕೊಂಡಿಲ್ಲವೆಂದು ನಾನು ಗೋಳು ಹೇಳಿಕೊಂಡಾಗ ಅವಳು ಖಣ ಮಡಿಸುತ್ತಲೇ, "ಕೊಟ್ಟವರಿಗೆ ಬರತದರಿ. ನೀವು ಯಾರ ಹೆಸರು ತಗೊಂಡೀರಿ, ನಿಮ್ಮದು ತಗೊಳ್ಳಲಿಕ್ಕ?" ಎಂದಳು.

ಅಲ್ಲೇ ನನ್ನ ತಲೆಯಲ್ಲಿ ದೀಪ ಹತ್ತಿತು. ಅರ್ಜಿಯಲ್ಲಿ ಅಮೆರಿಕದ ಪುಸ್ತಕವೇ ಆಗಬೇಕೆಂದೇನೂ ಬರೆದಿರಲಿಲ್ಲ. ಅಚ್ಚಿನಲ್ಲಿ ಉಲ್ಲೇಖವಿದ್ದರೆ ಸಾಕು. ಕಳಿಸಲು ವರ್ಷದ ಕೊನೆಯವರೆಗೆ ಸಮಯವೂ ಇತ್ತು. ನಮ್ಮ ಭಾಗದ ಡಾಕ್ಟರರದೊಂದು ಸಣ್ಣ ಪತ್ರಿಕೆ ತಿಂಗಳಿಗೊಮ್ಮೆ ಹೊರಡುತ್ತಿತ್ತು, ಅದರ ಸಂಪಾದಕರು ಶಹಾಬಾದಿನ ಡಾಕ್ಟರೇ. ಆ ಭಾನುವಾರ ಖಣ ತಿರುಗಿದ ಐದೂ ಊರಿನ ಡಾಕ್ಟರರು ಅವರ ಮನೆಯಲ್ಲಿ ಸೇರಿದೆವು. ನಾನು ನಿಮ್ಮ ಹೆಸರು ತಗೊಳ್ಳೋದು, ನೀವು ನಮ್ಮ ಹೆಸರು ತಗೊಳ್ಳೋದು ಎಂದು ವಿವರಿಸಿದಾಗ ಒಬ್ಬರಿಗೂ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಸೇಡಂನ ಮಲ್ಕಪ್ಪ ಡಾಕ್ಟರು, ನಮ್ಮೆಲ್ಲರಿಗಿಂತ ಹಿರಿಯರು, ಭಜಿ ಬಾಯಿಗೆ ಹಾಕಿಕೊಳ್ಳುತ್ತ, "ಇದಕ್ಕ್ಯಾಕ ಮೀಟಿಂಗ್ ಕರದೀರಿ? ಹೋದಲ್ಲಿ ಆಯೇರಿ ಮಾಡೋದು ನಮಗ ಗೊತ್ತಿಲ್ಲೇನು?" ಎಂದು ಗದರಿದರು.

ಮುಂದಿನ ಸಂಚಿಕೆಗಳನ್ನು ನೀವು ನೋಡಬೇಕಿತ್ತು. ಚಿತ್ತಾಪುರದವರು ನಾರುಹುಣ್ಣಿನ ಬಗ್ಗೆ ಬರೆದರು, ಚಿಂಚೋಳಿಯವರು ಚೇಳಿನ ಬಗ್ಗೆ, ಮಲ್ಕಪ್ಪನವರು ಮಕ್ಕಳ ಜ್ವರದ ಬಗ್ಗೆ, ಶಹಾಬಾದಿನವರು ಕಲ್ಲು ಕಡಿಯುವವರ ಕೆಮ್ಮಿನ ಬಗ್ಗೆ, ನಾನು ಗಜಕರ್ಣದ ಬಗ್ಗೆ. ಕೆಮ್ಮಿಗೂ ನಾರುಹುಣ್ಣಿಗೂ ಏನು ಸಂಬಂಧ? ಏನೂ ಇಲ್ಲ. ಆದರೆ ಬೀಗರನ್ನು ಬಿಟ್ಟು ಊಟಕ್ಕೆ ಹಾಕಲಾಗುತ್ತದೆಯೇ? "ನಾರುಹುಣ್ಣಿನ ರೋಗಿಯೂ ಕೆಲವೊಮ್ಮೆ ಕೆಮ್ಮಬಹುದು" ಎಂದು ಒಂದು ಸಾಲು ಬರೆದರೆ ಶಹಾಬಾದಿನ ಸಾಲ ತೀರಿತು. ಆಯೇರಿಯ ರೋಗಗಳೆಲ್ಲ ಇದಕ್ಕೂ ಅಂಟಿದವು. ಮಲ್ಕಪ್ಪನವರು ನನ್ನ ಹೆಸರನ್ನು ಎರಡು ಸಲ ತೆಗೆದರೆ ನಾನು ಒಂದು ತೂಕ ಹೆಚ್ಚಾಗಿ ತೆಗೆಯಬೇಕು. ಒಮ್ಮೆ ನನ್ನ ಪಟ್ಟಿಯಲ್ಲಿ ಅವರ ಹೆಸರು ಕೊನೆಗೆ ಬಂತೆಂದು, ಕೊನೆಯ ಪಂಕ್ತಿಗೆ ಕೂಡಿಸಿದಿರೆಂದು ಸಿಟ್ಟಾಗಿ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೇ ಬರಲಿಲ್ಲ. ಆದರೂ ನನ್ನ ಅರ್ಜಿ ಮಾತ್ರ ದಿನದಿಂದ ದಿನಕ್ಕೆ ಪುಷ್ಟವಾಗುತ್ತಿತ್ತು. ನಾನು ಖುಷಿಯಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ಯಡವಟ್ಟಾದದ್ದು ಚಿಂಚೋಳಿಯವರ ಧಾರಾಳದಿಂದ. ಅವರು ತುಂಬಿದ ಕೈಯವರು. ಬರೀ ಹೆಸರು ತೆಗೆದರೆ ಖಾಲಿ ತಟ್ಟೆ ಕೊಟ್ಟಂತಾಗುತ್ತದೆಂದು, ಚೇಳು ಕಡಿದ ಕಡೆಗೂ ಕುಸುಬಿ ಎಣ್ಣೆ ಹಿತವೆಂದು ವಾಡಿಯ ಡಾಕ್ಟರರ ಲೇಖನದಿಂದ ತಿಳಿಯಬಹುದು ಎಂದು ಬರೆದುಬಿಟ್ಟರು. ನಾನು ಓದಲಿಲ್ಲ. ನನ್ನ ಹೆಸರಿದೆಯೇ ಎಂದು ನೋಡಿ ಪುಟ ತಿರುವಿದೆ. ಶಹಾಬಾದಿನವರು ಚಿಂಚೋಳಿಯವರನ್ನು ನಂಬಿ, ಎಣ್ಣೆಯಿಂದ ಚೇಳಿನ ವಿಷ ಇಳಿಯುವುದು ಕಂಡುಬಂದಿದೆ ಎಂದರು. ಮಲ್ಕಪ್ಪನವರು ಇಬ್ಬರನ್ನೂ ನಂಬಿ, ಇದು ಈಗ ಸರ್ವಸಮ್ಮತ ಎಂದರು. ಆ ಮಾತು ಮೂರು ಊರು ತಿರುಗಿ ನನ್ನ ಮನೆಗೆ ಬಂದು ಕೂತಾಗಲೂ ನಾನು ಅದನ್ನು ಬಿಚ್ಚಿ ನೋಡಲಿಲ್ಲ.

ಬಿಚ್ಚಿ ತೋರಿಸಿದವನು ದಂಡೋತಿಯ ಒಬ್ಬ ರೈತ. ಚೇಳು ಕಡಿದ ಅವನನ್ನು ಎತ್ತಿನ ಬಂಡಿಯಲ್ಲಿ ಹಾಕಿಕೊಂಡು ತಂದಾಗ ಮೈಯೆಲ್ಲ ಬೆವರು, ಬಲಗೈ ಮಾತ್ರ ಎಣ್ಣೆಯಿಂದ ಫಳಫಳ ಹೊಳೆಯುತ್ತಿತ್ತು. ಇಷ್ಟು ತಡ ಯಾಕೆಂದು ನಾನು ಅವನ ಅಣ್ಣನ ಮೇಲೆ ಹರಿಹಾಯ್ದೆ. ಅಣ್ಣ ನನ್ನನ್ನೇ ಪಿಳಿಪಿಳಿ ನೋಡಿ, "ಎಣ್ಣಿ ಹಚ್ಚಿ ಕುಂದ್ರಿಸಿದ್ವಿರಿ. ನೀವೇ ಬರದೀರಂತ, ನಮ್ಮೂರ ಕಂಪೌಂಡರ್ ಓದಿ ಹೇಳಿದ" ಎಂದ. ಅಂದು ನಾನು ಯಾವ ಪಾಠವನ್ನೂ ಹೇಳಲಿಲ್ಲ, ಎರಡು ಕಡೆ ಸೂಜಿ ಮಾಡಿದೆ. ಮನುಷ್ಯ ಗಟ್ಟಿ, ಉಳಿದ. ಉಳಿದನೆಂದು ಗೊತ್ತಾಗುವವರೆಗೆ ನಾನು ಅವನ ಮಂಚದ ಹತ್ತಿರದಿಂದ ಏಳಲಿಲ್ಲ. ಮರುದಿನವೇ ದಂಡೋತಿಯ ಕಂಪೌಂಡರನಿಗೂ ನಮ್ಮ ನಾಲ್ವರು ಡಾಕ್ಟರರಿಗೂ ಎಣ್ಣೆ ಬೇಡ, ಆಸ್ಪತ್ರೆ ಬೇಕು ಎಂದು ಖುದ್ದಾಗಿ ಹೋಗಿ ಹೇಳಿ ಬಂದೆ. ಪತ್ರಿಕೆಯಲ್ಲಿ ತಿದ್ದುಪಡಿಯೂ ಬಂತು. ಅದನ್ನು ಮಾತ್ರ ಯಾರೂ ಉಲ್ಲೇಖಿಸಲಿಲ್ಲ.

ಅರ್ಜಿ ಆಗಲೇ ಹೋಗಿತ್ತು, ಸಂದರ್ಶನಕ್ಕೆ ಕರೆಯೂ ಬಂತು. ಕಮಿಟಿಯ ನಡುವೆ ಕೂತಿದ್ದ ವಯಸ್ಸಾದ ಪ್ರೊಫೆಸರರ ಮುಂದೆ ನಮ್ಮ ಪತ್ರಿಕೆಯ ಸಂಚಿಕೆಗಳೆಲ್ಲ ಇದ್ದವು. ಅವರು ಓದಿದ್ದರು. ದಂಡೋತಿಯ ಕಂಪೌಂಡರನನ್ನು ಬಿಟ್ಟರೆ ಜಗತ್ತಿನಲ್ಲಿ ಅವುಗಳನ್ನು ಓದಿದ ಮನುಷ್ಯ ಅವರೊಬ್ಬರೇ ಇರಬೇಕು. ಕನ್ನಡಕದ ಮೇಲಿನಿಂದ ನೋಡುತ್ತ, ಕುಸುಬಿ ಎಣ್ಣೆಯಿಂದ ಚೇಳಿನ ವಿಷ ಇಳಿಯುತ್ತದೆಂದು ನೀವು ಬರೆದಿದ್ದೀರಾ ಎಂದು ಕೇಳಿದರು. ಹೌದೆಂದರೆ ಮರ್ಯಾದೆ ಹೋಗುತ್ತದೆ, ಇಲ್ಲವೆಂದರೆ ಉಲ್ಲೇಖಗಳೆಲ್ಲ ಹೋಗುತ್ತವೆ. ಎಣ್ಣೆ ಹಚ್ಚಿದ ಆ ಕೈ ಕಣ್ಣ ಮುಂದೆ ಬಂತು. "ಇಲ್ಲ ಸರ್, ಚೇಳಿನ ಸುದ್ದಿಯನ್ನೇ ನಾನು ಎತ್ತಿಲ್ಲ" ಎಂದೆ. ಹಾಗಾದರೆ ಇವರೆಲ್ಲ ನಿಮ್ಮ ಹೆಸರು ಯಾಕೆ ಹೇಳುತ್ತಾರೆ ಎಂದರು. ಬೇರೆ ದಾರಿಯಿಲ್ಲದೆ ಆಯೇರಿಯ ಪದ್ಧತಿಯನ್ನು ಖಣದಿಂದ ಹಿಡಿದು ವಿವರಿಸಿದೆ. ಪ್ರೊಫೆಸರರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ, ಯಾರು ಮೊದಲು ಬರೆದರು, ಯಾರು ಯಾರನ್ನು ನೋಡಿ ಬರೆದರು ಎಂದು ಒಂದೊಂದನ್ನೂ ಕೆದಕಿ ಕೇಳಿದರು. ಅಷ್ಟು ಆಸೆಯಿಂದ ನನ್ನ ಪಾಠ ಕೇಳಿದವರು ಜೀವಮಾನದಲ್ಲಿ ಯಾರೂ ಇರಲಿಲ್ಲ. ಕೆಲಸ ಸಿಕ್ಕಿತೆಂದೇ ಹೊರಗೆ ಬಂದೆ.

ಕೆಲಸ ಬೇರೆಯವರಿಗಾಯಿತು. ಗಿರಿಜಾ ಅಂದಿನಿಂದ ಹಪ್ಪಳ ಮನೆಯೊಳಗೇ ಒಣಹಾಕತೊಡಗಿದಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಕೆಲವು ತಿಂಗಳ ಮೇಲೆ ಪ್ರೊಫೆಸರರಿಂದ ಒಂದು ಲಕೋಟೆ ಬಂತು. ಒಳಗೆ ವಿದೇಶದ ಪತ್ರಿಕೆಯಲ್ಲಿ ಅಚ್ಚಾದ ಅವರ ಲೇಖನ. ಒಬ್ಬರನ್ನೊಬ್ಬರು ಓದದೆ ಹೆಸರು ತೆಗೆಯುತ್ತ ಹೋದರೆ ಇಲ್ಲದ ಮಾತು ಹೇಗೆ ಸತ್ಯವಾಗುತ್ತದೆಂದು ಅವರು ಸೊಗಸಾಗಿ ಬರೆದಿದ್ದರು. ಉದಾಹರಣೆಗೆ ನಾನು, ಕೆಳಗೆ ಅಡಿಟಿಪ್ಪಣಿಯಲ್ಲಿ ನನ್ನ ಲೇಖನದ ಪೂರ್ತಿ ವಿಳಾಸ. ಓದಿ ನನಗೆ ನಾಚಿಕೆಯಾಯಿತು, ಜೊತೆಗೆ ಕಾಗದ ಎಷ್ಟು ನುಣುಪಾಗಿದೆ ಎಂದು ಅನ್ನಿಸಿತು. ಆ ಲೇಖನ ಬಹಳ ಹೆಸರು ಮಾಡಿತೆಂದು ಆಮೇಲೆ ಹೈದರಾಬಾದಿನ ಗೆಳೆಯ ಹೇಳಿದ. ಎಲ್ಲೆಲ್ಲಿಯವರೋ ಆ ಕಥೆಯನ್ನು ತಮ್ಮ ಲೇಖನಗಳಲ್ಲಿ ಎತ್ತಿ ಹೇಳಿ, ನನ್ನ ಹೆಸರಿದ್ದ ಅಡಿಟಿಪ್ಪಣಿಯನ್ನೂ ಇದ್ದ ಹಾಗೇ ಇಳಿಸಿಕೊಳ್ಳುತ್ತಿದ್ದರಂತೆ.

ನನ್ನ ವಯಸ್ಸು ಮೀರಲು ಇನ್ನು ಸ್ವಲ್ಪವೇ ಉಳಿದಿದ್ದಾಗ ಅದೇ ಕಾಲೇಜಿನಲ್ಲಿ ಮತ್ತೊಂದು ಜಾಗ ಖಾಲಿಯಾಯಿತು. ಗಿರಿಜಾಳ ಒತ್ತಾಯಕ್ಕೆ ಹೋದೆ. ಈ ಸಲ ಕಮಿಟಿ ಹೊಸದು, ಪ್ರೊಫೆಸರರು ನಿವೃತ್ತರಾಗಿದ್ದರು. ಅಧ್ಯಕ್ಷರು ಶಿಸ್ತಿನ ಮನುಷ್ಯ. ಪ್ರತಿಯೊಬ್ಬ ಅಭ್ಯರ್ಥಿಯ ಹೆಸರನ್ನೂ ಆ ಅಮೆರಿಕದ ಪುಸ್ತಕದಲ್ಲಿ ಹುಡುಕಿಸಿ ಟೈಪು ಮಾಡಿಸಿ ಇಟ್ಟುಕೊಂಡಿದ್ದರು. ಉಳಿದವರ ಹಾಳೆಗಳು ಬೋಳಾಗಿದ್ದವು. ನನ್ನದನ್ನು ಎತ್ತಿಕೊಂಡು ಅವರು ಹುಬ್ಬೇರಿಸಿದರು. ಇಂಗ್ಲೆಂಡಿನವರು, ಜರ್ಮನಿಯವರು, ಜಪಾನಿನವರು ಕೂಡ, ಎಲ್ಲರೂ ನನ್ನ ಆ ಒಂದೇ ಲೇಖನಕ್ಕೆ ಮುಗಿಬಿದ್ದಿದ್ದರು. "ಏನಿದೆ ಡಾಕ್ಟರೇ, ಆ ಲೇಖನದಲ್ಲಿ?" ಎಂದು ಅಭಿಮಾನದಿಂದ ಕೇಳಿದರು. ಸಿಮೆಂಟಿನ ತುರಿಕೆ ಮತ್ತು ಕುಸುಬಿ ಎಣ್ಣೆ ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಧ್ಯಕ್ಷರು ಎದ್ದು ನಿಂತು ಕೈಕುಲುಕಿ, ಸೋಮವಾರದಿಂದ ಪಾಠ ಶುರುಮಾಡಿ ಎಂದರು. ಅವರೆಲ್ಲ ನನ್ನ ಹೆಸರನ್ನು ಯಾಕೆ ಎತ್ತಿದ್ದಾರೆಂದು ಮಾತ್ರ ಒಬ್ಬರೂ ಕೇಳಲಿಲ್ಲ. ಕೇಳಿದರೆ ಈ ಸಲವೂ ಹೇಳಿಬಿಡೋಣವೆಂದು ಕುರ್ಚಿಯಿಂದ ನಿಧಾನವಾಗಿಯೇ ಎದ್ದೆ. ಆದರೆ ಕೋಣೆ ಸಣ್ಣದು, ಬಾಗಿಲು ಬೇಗ ಬಂದುಬಿಟ್ಟಿತು.