ಅವರೆ ಚಪ್ಪರದ ಕೆಳಗೆ ಕೊಟ್ಟ ಆಶೀರ್ವಾದ

ಪಬ್ಲಿಕ್ ಹಿಯರಿಂಗಿನಲ್ಲಿ ಎರಡು ನಿಮಿಷ ಮಾತಾಡಿ ಒಂದು ತುಂಡು ನೆಲ ಉಳಿಸುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಮದುವೆಯಾದಾಗಿನಿಂದ ನಮ್ಮ ಮನೆಯವರನ್ನು ವಾದದಲ್ಲಿ ಸೋಲಿಸುತ್ತಲೇ ಬಂದವಳು ನಾನು. 'ಇಲ್ಲ' ಎನ್ನುವ ಮಾತನ್ನು ನನ್ನಷ್ಟು ಬಗೆಯಲ್ಲಿ ಹೇಳಬಲ್ಲ ಹೆಂಗಸು ಇಡೀ ಜಾರ್ಜಿಯಾದಲ್ಲಿ ಇಲ್ಲ ಎಂದು ಅವರೇ ಸರ್ಟಿಫಿಕೇಟ್ ಕೊಟ್ಟಿದ್ದರು. "ಹೊರಗಿನವರ ಮುಂದೆ ಮಾತ್ರ ನಿನ್ನ ಬಾಯಿಗೆ ಆ ಪದವೇ ಬರಲ್ಲ" ಎಂದೂ ಸೇರಿಸುತ್ತಿದ್ದರು. ಸರ್ಟಿಫಿಕೇಟಿನ ಆ ಭಾಗವನ್ನು ನಾನು ಓದಿಕೊಂಡಿರಲಿಲ್ಲ.

ನೆಲ ಅವರದು. ಅಂದರೆ, ಊರಿನದು. ನಮ್ಮ ಊರಿನ ಕಮ್ಯುನಿಟಿ ಗಾರ್ಡನ್‌ನಲ್ಲಿ ಬಾಡಿಗೆ ಕಟ್ಟಿದರೆ ಎರಡು ಮಂಚದಗಲ ಮಣ್ಣು ಕೊಡುತ್ತಾರೆ. ಅಲ್ಲಿ ಇವರು ಅವರೆ ಹಾಕಿದ್ದರು. ಎಂದೋ ಮೈಸೂರಿನಿಂದ ತಂದ ಒಂದು ಹಿಡಿ ಬೀಜ. ಅದನ್ನೇ ಬಿತ್ತುವುದು, ಬೆಳೆಯುವುದು, ಮರುವರ್ಷಕ್ಕೆ ಮತ್ತೆ ಎತ್ತಿಡುವುದು. ಕಾರಿನ ಮ್ಯಾಟ್ ತುಂಬ ಮಣ್ಣು ಮಾಡಿಕೊಂಡು ಬಂದಾಗಲೆಲ್ಲ, "ನಿಮ್ಮ ಎರಡನೇ ಸಂಸಾರ ಹೇಗಿದೆ?" ಎಂದು ಕೇಳುತ್ತಿದ್ದೆ. ಈ ಸಲ ದಸರೆಗೆ ಮುಂಚೆ, ಚಪ್ಪರ ಕಾಯಿ ಕಟ್ಟುವ ಹೊತ್ತಿಗೆ, ಅವರು ಹೃದಯಾಘಾತದಿಂದ ಹೋಗಿಬಿಟ್ಟರು. ಬಳ್ಳಿಗೆ ಯಾರೂ ಸುದ್ದಿ ಮುಟ್ಟಿಸಲಿಲ್ಲ. ಅದು ತನ್ನ ಪಾಡಿಗೆ ಕಾಯಿ ಬಿಡುತ್ತಲೇ ಇತ್ತು.

ಆಮೇಲೆ ಬೇಲಿಯ ಮೇಲೆ ಒಂದು ಬೋರ್ಡು ಬಂತು. ಗಾರ್ಡನ್ ತೆಗೆದು ಟೌನ್‌ಹೋಮ್ ಎಂಬ ಸಾಲುಮನೆ ಕಟ್ಟುವ ಪ್ರಸ್ತಾಪವಿದೆ, ಕೌನ್ಸಿಲ್ ಜನರ ಅಭಿಪ್ರಾಯ ಕೇಳುತ್ತದೆ, ಎಲ್ಲರೂ ಬನ್ನಿ. ಕಡಿಯುವ ಮುಂಚೆ ಕುರಿಯನ್ನೂ ಹೀಗೇ ಗೌರವದಿಂದ ಕೇಳುವ ಪದ್ಧತಿ ಎಲ್ಲ ಕಡೆ ಬರಬೇಕು.

ಪಕ್ಕದ ಪ್ಲಾಟಿನ ಶಮೀಮ್, ಮೈಸೂರಿನವಳೇ, ಮನೆಗೆ ಬಂದಳು.

"ಅಕ್ಕ, ನೀವೇ ಮಾತಾಡ್ಬೇಕು. ಮೊನ್ನೆ ತಾನೇ ಯಜಮಾನ್ರನ್ನ ಕಳ್ಕೊಂಡಿದ್ದೀರ. ನೀವು ನಿಂತ್ರೆ ಕೌನ್ಸಿಲ್‌ನವ್ರು ವೋಟ್ ಹಾಕೋಕ್ ಮುಂಚೆ ಟಿಶ್ಯೂ ಹುಡುಕ್ತಾರೆ."

"ನಂಗೆ ಇಂಗ್ಲಿಷ್ ಅಷ್ಟು ಬರಲ್ಲವಲ್ಲ ಶಮೀಮ್."

"ಬರದೇ ಇದ್ರೆ ಇನ್ನೂ ಒಳ್ಳೇದು. ಇಲ್ಲೇ ಹುಟ್ಟಿರೋ ಅನು ಇದ್ದಾಳಲ್ಲ, ಹೇಳ್ಕೊಡ್ತಾಳೆ."

ನನ್ನ ಮಗಳು ಅನು ಅಲ್ಫರೆಟಾದ ಆಫೀಸಿನಿಂದ ಬಂದು ದಿನವೂ ಭಾಷಣ ಅಭ್ಯಾಸ ಮಾಡಿಸಿದಳು. "ಅಮ್ಮ, ಸ್ಲೋ ಆಗಿ ಹೇಳು. ಐ ಆಮ್ ಹಿಯರ್ ಟು ಸೇ ನೋ. ನೋ ಅಂದಾಗ ಲುಕ್ ಅಪ್, ಓಕೆ?" ಕುಕ್ಕರ್ ಮುಂದೆ ನಿಂತು 'ನೋ' ಎಂದೆ. ಫ್ರಿಜ್‌ಗೂ 'ನೋ' ಎಂದೆ. ಎರಡೂ ತಕರಾರು ಮಾಡಲಿಲ್ಲ.

ಹಿಯರಿಂಗಿಗೆ ಮುಂಚಿನ ಶನಿವಾರ, ಇವರ ಹಳೆಯ ಟೋಪಿ ಹಾಕಿಕೊಂಡು ಒಬ್ಬಳೇ ಚಪ್ಪರದ ಕೆಳಗೆ ಕೂತಿದ್ದೆ. ಎಲ್ಲಕ್ಕಿಂತ ಮೊದಲು ಬಲಿತಿದ್ದ ಕೆಲವು ದಪ್ಪ ಕಾಯಿಗಳಿಗೆ ಇವರು ಕೆಂಪು ದಾರ ಕಟ್ಟಿದ್ದರು. ದೇವರು ದಿಂಡರು ಎಂದರೆ ನಗುತ್ತಿದ್ದ ಮನುಷ್ಯ ಅವರೆಗೆ ದೃಷ್ಟಿದಾರ ಕಟ್ಟಿದ್ದಾರಲ್ಲ ಎಂದು ಅಳುವೂ ನಗುವೂ ಬಂತು.

ಆಗ ಒಬ್ಬ ಹುಡುಗಿ ಬಂದಳು. ಹೆಸರು ಕೆಲ್ಸಿ. ಮನೆ ಕಟ್ಟುವ ಕಂಪನಿಯವಳು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ನಾನು 'ನೋ' ಎನ್ನಲು ತಲೆಯೆತ್ತಿದೆ, ಅನು ಹೇಳಿಕೊಟ್ಟ ಹಾಗೆಯೇ. ಎತ್ತಿದರೆ ಏನು ನೋಡುವುದು, ಹುಡುಗಿಗೆ ತುಂಬಿದ ಬಸುರು. ಏಳೋ ಎಂಟೋ ತಿಂಗಳು.

ಬಸುರಿ ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲ ಅನ್ನಬಾರದು ಎಂದು ನಮ್ಮಮ್ಮ ಹೇಳಿಕೊಟ್ಟಿದ್ದರು. ತೋಟದ ನೆಲವನ್ನು ಮನೆ ಕಟ್ಟಲು ಬದಲಾಯಿಸುವ ರೀಜೋನಿಂಗ್ ವಿಷಯದಲ್ಲಿ ಇದಕ್ಕೆ ವಿನಾಯಿತಿ ಇದೆಯೇ ಎಂದು ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ನಮ್ಮಂಥ ಹೊಸ ಕುಟುಂಬಗಳಿಗೆ ಇಲ್ಲಿ ಮನೆ ಸಿಕ್ಕರೆ ಒಳ್ಳೆಯದಲ್ಲವೇ ಎಂದು ಕೆಲ್ಸಿ ಕೇಳಿದಳು. "ಯೆಸ್, ಯೆಸ್." ವಿಡಿಯೊ ಮಾಡಿಕೊಳ್ಳಲೇ, ಎಲ್ಲರಿಗೂ ತೋರಿಸಲೇ ಎಂದಳು. "ಯೆಸ್, ಯೆಸ್." ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಬಸುರಿಯನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಮಡಿಲಿಗೆ ಹಾಕುವುದಾದರೆ ಒಳ್ಳೆಯದನ್ನೇ ಹಾಕಬೇಕು. ದೃಷ್ಟಿ ಬಿದ್ದಿರದ ಆ ಕೆಂಪು ದಾರದ ಕಾಯಿಗಳನ್ನು ಒಂದೂ ಬಿಡದೆ ಕಿತ್ತು ಅವಳ ಮಡಿಲು ತುಂಬಿದೆ.

ಗಂಡ ಸತ್ತವಳು ಮಡಿಲು ತುಂಬಬಾರದು ಎಂದು ನಮ್ಮ ಅತ್ತಿಗೆ ಆಮೇಲೆ ಫೋನಿನಲ್ಲಿ ಬೈದಳು. ಜೀವನದಲ್ಲಿ ಮೊದಲ ಬಾರಿಗೆ ಅತ್ತಿಗೆಯ ಮಾತಿನಿಂದ ಉಪಕಾರವಾಗಬಹುದಿತ್ತು. ತಡವಾಗಿ ಫೋನ್ ಮಾಡಿದಳು.

ಹಿಯರಿಂಗಿನ ದಿನ ಸಭಾಂಗಣ ತುಂಬಿತ್ತು. ಒಬ್ಬ ನರ್ಸ್ ಎದ್ದು, ಈ ಊರಿನ ಆಸ್ಪತ್ರೆಯಲ್ಲಿ ದುಡಿಯುತ್ತೇನೆ, ಈ ಊರಿನಲ್ಲಿ ಮನೆ ಸಿಗದೆ ದಿನವೂ ದೂರದಿಂದ ಡ್ರೈವ್ ಮಾಡುತ್ತೇನೆ, ನಿಮಗೆ ಟೊಮ್ಯಾಟೊ ಅಂಗಡಿಯಲ್ಲೂ ಸಿಗುತ್ತದಲ್ಲ ಎಂದಳು. ನ್ಯಾಯವಾದ ಮಾತು. ನಾನು ತಲೆಯಾಡಿಸಿದೆ. ಶಮೀಮ್ ನನ್ನ ತೊಡೆ ಚಿವುಟಿದಳು.

ಆಮೇಲೆ ಕಂಪನಿಯವರು ಪರದೆ ಇಳಿಸಿದರು. ಪರದೆಯ ತುಂಬ ನಾನು. ತಲೆಯ ಮೇಲೆ ಇವರ ಟೋಪಿ. "ಯೆಸ್, ಯೆಸ್. ಬಿಲ್ಡ್ ಹೌಸ್. ಲಿವ್ ಹ್ಯಾಪಿಲಿ. ಮೆನಿ ಚಿಲ್ಡ್ರನ್." ಎರಡೂ ಕೈ ಎತ್ತಿ ಅಕ್ಷತೆ ಹಾಕುವವಳ ಹಾಗೆ ಹರಸುತ್ತಿದ್ದೆ.

"ಅಮ್ಮ, ಈಸ್ ದಟ್ ಯೂ?" ಎಂದಳು ಅನು.

"ಬೆಳಕು ಚೆನ್ನಾಗಿ ಬಿದ್ದಿದೆ" ಎಂದಳು ಶಮೀಮ್.

ಅಷ್ಟರಲ್ಲಿ ವಿರೋಧಿಸುವವರ ಸರದಿ ಬಂತು. ಮೊದಲ ಹೆಸರು ನನ್ನದೇ. ಅಧ್ಯಕ್ಷರು ಪರದೆಯನ್ನೂ ನನ್ನನ್ನೂ ನೋಡಿ, ವಿಡಿಯೊದಲ್ಲಿರುವುದು ನೀವೇ ಅಲ್ಲವೇ ಎಂದು ಕೇಳಿದರು.

"ಯೆಸ್. ಬಟ್ ದಟ್ ಈಸ್ ಓನ್ಲಿ ಫಾರ್ ಹರ್" ಎಂದು ಕೆಲ್ಸಿಯತ್ತ ಕೈ ತೋರಿಸಿದೆ.

"ಹಾಗಾದರೆ ಒಂದು ಮನೆಗೆ ನಿಮ್ಮ ಆಕ್ಷೇಪಣೆ ಇಲ್ಲ?"

ಮುಂದಿನ ಸಾಲಿನಲ್ಲಿ ಕೆಲ್ಸಿ ಆ ಗಟ್ಟಿ ಕುರ್ಚಿಯ ಮೇಲೆ ಸೊಂಟ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಭಾಷಣ ಮರೆತುಹೋಯಿತು. ಕುಕ್ಕರ್ ಮರೆತುಹೋಯಿತು, ಫ್ರಿಜ್ ಮರೆತುಹೋಯಿತು. ಮೈಕಿನಲ್ಲಿ ನಾನು ಹೇಳಿದ್ದು ಇಷ್ಟೇ: "ಯೂ ಏಟ್ ಸಮ್‌ಥಿಂಗ್, ಅಮ್ಮಾ?" ಉಳಿದ ಸಮಯವನ್ನು ಗಡಿಯಾರವೇ ಖಾಲಿ ಮಾಡಿತು.

ಪ್ರಸ್ತಾಪ ಪಾಸಾಯಿತು. ಹಿರಿಯ ತೋಟಗಾರರ ಆಶೀರ್ವಾದಕ್ಕೆ ಕಂಪನಿಯವರು ಪ್ರತ್ಯೇಕವಾಗಿ ಕೃತಜ್ಞತೆ ಸಲ್ಲಿಸಿದರು. ಚಳಿ ಬೀಳುವ ಮುಂಚೆ ಜಾಗ ಖಾಲಿ ಮಾಡಬೇಕು.

"ಹೋಗ್ಲಿ ಬಿಡಿ ಅಕ್ಕ" ಎಂದಳು ಶಮೀಮ್ ಪಾರ್ಕಿಂಗ್ ಲಾಟಿನಲ್ಲಿ. "ಬೀಜ ಇದ್ಯಲ್ಲ. ಮನೆ ಹಿಂದೆ ಹಾಕೋಣ. ಉಳಿದ ಕಾಯಿ ಚಳಿಗೆ ಮುಂಚೆ ಬಲಿಯಲ್ಲ, ಆದ್ರೆ ಬಲಿತಿದ್ದಕ್ಕೆ ಅಣ್ಣ ಬಿತ್ತನೆಗೆ ಅಂತಾನೇ ಕೆಂಪು ದಾರ ಕಟ್ಟಿ ಬಿಟ್ಟಿದ್ರು."

ನನ್ನ ಕಾಲು ಅಲ್ಲೇ ನಿಂತಿತು. "ಅದು ದೃಷ್ಟಿಗಲ್ವಾ?"

"ದೃಷ್ಟಿಗಾ? ಅಕ್ಕ, ಏನ್ ಮಾಡಿದ್ರಿ ಅದನ್ನ?"

ಉತ್ತರ ಹೇಳುವ ಕಷ್ಟ ನನಗೆ ಬರಲಿಲ್ಲ. ಉತ್ತರವೇ ಹೊಟ್ಟೆ ಹೊತ್ತುಕೊಂಡು ನಿಧಾನವಾಗಿ ನಮ್ಮ ಕಡೆ ಬಂತು. ಕೆಲ್ಸಿ ನನ್ನ ಕೈ ಹಿಡಿದುಕೊಂಡಳು. ಅದನ್ನು ಹೇಗೆ ಬೇಯಿಸುವುದೋ ಗೊತ್ತಾಗಲಿಲ್ಲ, ಕಾಯಿ ಒಣಗಿದೆ, ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡುತ್ತದೆ, ಮಗುವಿನ ಕೋಣೆಯಲ್ಲಿ ದಾರದ ಸಮೇತ ತೂಗುಹಾಕಿದ್ದೇನೆ ಎಂದಳು.

"ವಾಪಸ್ ಕೇಳಿ ಅಕ್ಕ" ಎಂದು ಶಮೀಮ್ ಹಿಂದಿನಿಂದ ಪಿಸುಗುಟ್ಟಿದಳು. "ಒಂದೇ ಒಂದು ಕಾಯಿ ಸಾಕು."

ನಾನು ಬಾಯಿ ತೆರೆದೆ. ಅದೇ ಹೊತ್ತಿಗೆ ಆ ಹುಡುಗಿ ಕೇಳಿದಳು: ನಾನು ಅದನ್ನು ಇಟ್ಟುಕೊಳ್ಳಬಹುದು ತಾನೇ?

"ಯೆಸ್, ಯೆಸ್."

ಮನೆಗೆ ಹೊರಟಾಗ ಇವರ ಕಾರನ್ನು ಅನು ಓಡಿಸಿದಳು. ಬಹಳ ದೂರ ಬಂದ ಮೇಲೆ ಅನು, "ಅಮ್ಮ, ಅಪ್ಪಂಗೆ ಎಷ್ಟ್ ಸಲ ನೋ ಹೇಳ್ತಿದ್ದೆ ನೀನು. ವಾಟ್ ಹ್ಯಾಪನ್ಡ್?" ಎಂದು ಕೇಳಿದಳು.

ನಿಜ. ಅಷ್ಟು ಸಲೀಸಾಗಿ 'ಇಲ್ಲ' ಎನ್ನಲು ಊರಿನಲ್ಲೆಲ್ಲ ನನಗಿದ್ದ ಒಬ್ಬನೇ ಮನುಷ್ಯ ಅವರು. ಕಾಲಿನ ಕೆಳಗೆ ಮ್ಯಾಟಿನಲ್ಲಿ ಅವರು ತಂದ ಮಣ್ಣು ಇನ್ನೂ ಇತ್ತು. ಈ ಸಲ ಕೊಡವಲಿಲ್ಲ.